ನೋವಿನ ಮಾತ್ರೆ

ಮುನಿಕೃಷ್ಣಪ್ಪನವರ ನೋವು ತಗ್ಗುತ್ತಿಲ್ಲವೆಂದು ಮೊದಲು ಗಮನಿಸಿದವಳು ಮೊಮ್ಮಗಳು ಪ್ರಿಯಾ. ಇಂದಿರಾನಗರದ ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಹಲಸೂರಿನ ಮನೆಗೆ ಬರುವಷ್ಟರಲ್ಲಿ ತಾತ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದು, ತುಟಿ ಕಚ್ಚಿಕೊಂಡು ಮಲಗಿರುತ್ತಿದ್ದರು. ಹೊಟ್ಟೆಯ ಕ್ಯಾನ್ಸರ್ ಕೈಮೀರಿತ್ತು. ಇನ್ನು ಅಲೆದಾಡಿಸಬೇಡಿ, ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ಬಲವಾದ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದ್ದರು.

ಮಾತ್ರೆಗಳೇನೋ ಖಾಲಿಯಾಗುತ್ತಲೇ ಇದ್ದವು.

ಮನೆಗೆ ಬಂದು ನೋಡಿ ಹೋಗುವ ನರ್ಸ್ ಶಂಶುನ್ನೀಸಾ ಬಾಗಿಲ ಬಳಿ ದನಿ ತಗ್ಗಿಸಿದಳು. “ಈ ಮಾತ್ರೆ ಹೊಟ್ಟೆಗೆ ಹೋಗ್ತಿದ್ರೆ ಇಷ್ಟು ನೋವಿರಬಾರ್ದು. ಕೊಡೋರು ಸರಿಯಾಗಿ ಕೊಡ್ತಿದ್ದಾರಾ?”

ರಾತ್ರಿಯ ಮಾತ್ರೆಯನ್ನು ಪ್ರಿಯಾಳ ತಾಯಿ ನಾಗರತ್ನಾ ತನ್ನ ಅಪ್ಪನಿಗೆ ತಾನೇ ಕೊಡುತ್ತಿದ್ದಳು. ಹಗಲು ಮನೆಯಲ್ಲಿರುತ್ತಿದ್ದವರು ಅಜ್ಜಿ ವೆಂಕಟಮ್ಮ, ಮತ್ತೆ ತಾತನನ್ನು ನೋಡಿಕೊಳ್ಳಲು ಗೊತ್ತುಮಾಡಿದ್ದ ಜಯಮಾಲಾ. ರಾಯಚೂರಿನ ಕಡೆಯವಳು, ಕೆ.ಆರ್. ಪುರದ ಬಾಡಿಗೆ ಕೋಣೆಯಿಂದ ದಿನಾ ಬಂದು ಹೋಗುವವಳು. ಮಾತು ಕಡಿಮೆ. ಆ ಮೌನವೇ ಈಗ ಪ್ರಿಯಾಳಿಗೆ ಬೇರೆ ಥರ ಕಾಣತೊಡಗಿತು.

“ಇಂಥ ಮಾತ್ರೆ ನಶೆಗೆ ಅಂತ ಹೊರಗಡೆ ಮಾರ್ತಾರಂತೆ ಅಮ್ಮ.”

“ಸುಮ್ನಿರು. ಅವಳಿಲ್ದೆ ನಮ್ಮ ಕೈಲಿ ಆಗುತ್ತಾ?” ಎಂದಳು ನಾಗರತ್ನಾ. ಆದರೆ ಮರುದಿನ ಕೆಲಸಕ್ಕೆ ಹೊರಡುವಾಗ ಅವಳೂ ಜಯಮಾಲಾಳ ಚೀಲವನ್ನು ಒಮ್ಮೆ ನೋಡಿಯೇ ಹೋದಳು.

ಆ ದಿನ ಪ್ರಿಯಾ ರಜೆ ಹಾಕಿದಳು. ಜಯಮಾಲಾ ಬಟ್ಟೆ ಒಣಗಿಸಲು ತಾರಸಿಗೆ ಹೋದಾಗ ಮೊಳೆಗೆ ತೂಗುಹಾಕಿದ್ದ ಚೀಲಕ್ಕೆ ಕೈಹಾಕಿದಳು. ಊಟದ ಡಬ್ಬಿ, ಬಾಚಣಿಗೆ, ಒಂದು ತಲೆನೋವಿನ ಮಾತ್ರೆ. ಅಷ್ಟೇ. ತಿರುಗಿದರೆ ಖಾಲಿ ಬಕೆಟ್ ಹಿಡಿದು ಜಯಮಾಲಾ ನಿಂತಿದ್ದಳು.

“ಕೇಳಿದ್ರ ನಾನ ತಗದು ತೋರಿಸ್ತಿದ್ದೆ ಅಕ್ಕಾರ.”

ಪ್ರಿಯಾ ಚೀಲವನ್ನು ಮತ್ತೆ ಮೊಳೆಗೆ ಹಾಕಿದಳು. ಅಜ್ಜಿ ತಾತನ ಕಾಲಬುಡದಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಜಯಮಾಲಾ ಬಕೆಟ್ಟನ್ನು ಬಚ್ಚಲಲ್ಲಿಟ್ಟು, ತಾತನ ಹೊದಿಕೆ ಸರಿಮಾಡಿ, ಚೀಲ ತೆಗೆದುಕೊಂಡು ಹೊರಟುಹೋದಳು.

ಮಧ್ಯಾಹ್ನ ಮಾತ್ರೆ ಕೊಡುವ ಹೊತ್ತಾಯಿತು. ಪ್ರಿಯಾ ಮಾತ್ರೆ ಬಿಡಿಸುತ್ತಿದ್ದ ಹಾಗೆ ಅಜ್ಜಿ ಕೈಚಾಚಿದರು. “ಇಲ್ಲಿ ಕೊಡು. ಅವ್ರು ನನ್ನ ಕೈಯಿಂದ್ಲೇ ತಗೊಳ್ಳೋದು. ಜಯಮಾಲಾನೂ ನನ್ನ ಕೈಗೇ ಕೊಡ್ತಿದ್ಲು.”

ಇದು ಪ್ರಿಯಾಳಿಗೆ ಗೊತ್ತೇ ಇರಲಿಲ್ಲ. ಮಾತ್ರೆ ಕೊಟ್ಟು ಅಡುಗೆಮನೆಯ ಕಡೆ ಹೋದವಳು ಬಾಗಿಲ ಮರೆಯಲ್ಲೇ ನಿಂತಳು. ತಾತ ಬಾಯಿ ತೆರೆದರು. ಅಜ್ಜಿ ಲೋಟ ತುಟಿಗಿಟ್ಟು ಬರಿ ನೀರು ಕುಡಿಸಿದರು. ತಾತ ನುಂಗಿ ಕಣ್ಣು ಮುಚ್ಚಿಕೊಂಡರು. ಮಾತ್ರೆ ಅಜ್ಜಿಯ ಸೆರಗಿನ ಗಂಟು ಸೇರಿತು.

“ಅಜ್ಜಿ, ಏನ್ ಮಾಡ್ತಿದ್ದೀರ?”

ವೆಂಕಟಮ್ಮ ಗಂಟನ್ನು ಮುಚ್ಚಿಡಲಿಲ್ಲ. “ಇದು ಒಳಗೆ ಹೋದ್ರೆ ಇವ್ರಿಗೆ ನನ್ನ ಗುರ್ತೇ ಸಿಗಲ್ಲ. ಮೊದಲನೇ ದಿನ ನನ್ನ ಮುಖ ನೋಡಿ, ನಿಮ್ದು ಯಾವೂರಮ್ಮ ಅಂತ ಕೇಳಿದ್ರು.”

“ಅದಕ್ಕೆ ತಾತ ನೋವು ತಿನ್ಬೇಕಾ?”

“ನನಗೆ ಕಾಣಲ್ವಾ ಅವ್ರ ನೋವು?” ಅಜ್ಜಿ ತಾತನ ಹಣೆ ಒರೆಸಿದರು. “ನಾಳೆಯಿಂದ ಕೊಡೋಣ, ನಾಳೆಯಿಂದ ಕೊಡೋಣ ಅಂತ...”

ತಾತ ಕಣ್ಣು ತೆರೆದರು. “ಬೇಡ ಅಂದಿದ್ದು ನಾನೇ. ಅವಳನ್ನ ಏನೂ ಅನ್ಬೇಡ ಕಣಮ್ಮ.”

ಪ್ರಿಯಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಾತನನ್ನು ನೋಡುತ್ತಿದ್ದರು, ಆ ಮಾತನ್ನು ಆಗಷ್ಟೇ ಮೊದಲ ಸಲ ಕೇಳಿದವರಂತೆ.

ಫೋನಿನಲ್ಲಿ ವಿಷಯ ಕೇಳಿದ ಶಂಶುನ್ನೀಸಾ ಬೈಯಲಿಲ್ಲ. ಡಾಕ್ಟರ ಹತ್ತಿರ ಮಾತಾಡಿ ಮಾತ್ರೆಯ ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿಕೊಟ್ಟಳು. ಆಮೇಲೆ ತಾತ ಬೆಳಗಿನ ಹೊತ್ತು ಎಚ್ಚರವಾಗಿ, ನೋವಿದ್ದರೂ ತಡೆದುಕೊಳ್ಳುವ ಸ್ಥಿತಿಯಲ್ಲಿ ಇರುತ್ತಿದ್ದರು. ಅಜ್ಜಿಯೂ ಅವರೂ ಮೆಲ್ಲಗೆ ಏನೇನೋ ಮಾತಾಡಿಕೊಳ್ಳುತ್ತಿದ್ದರು. ಮಧ್ಯಾಹ್ನದ ಮಾತ್ರೆಯನ್ನು ಪ್ರಿಯಾ ಅಂಗಡಿಯಿಂದ ಬಂದು ತಾನೇ ತಾತನ ಬಾಯಿಗಿಟ್ಟು, ನುಂಗಿಸಿ, ನಾಲಿಗೆ ನೋಡಿ ಹೊರಡುತ್ತಿದ್ದಳು. ಅಜ್ಜಿ ಆಗ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ಪ್ರಿಯಾ ಜಯಮಾಲಾಳಿಗೂ ಫೋನ್ ಮಾಡಿ ತಪ್ಪಾಯಿತೆಂದು ಕೇಳಿಕೊಂಡಳು. “ಆತ್ರಿ ಅಕ್ಕಾರ. ಆದ್ರ ನಾ ಬಾಣಸವಾಡಿ ಕಡೆ ಕೆಲಸ ಒಪ್ಕೊಂಡೀನಿ,” ಎಂದಳು ಅವಳು.

ಮುನಿಕೃಷ್ಣಪ್ಪ ಒಂದು ಬೆಳಿಗ್ಗೆ, ಅಜ್ಜಿಯ ಮಾತು ಕೇಳುತ್ತ ಮಲಗಿದ್ದಲ್ಲೇ ಹೋಗಿಬಿಟ್ಟರು. ಸುದ್ದಿ ತಿಳಿದು ಜಯಮಾಲಾ ಬಂದಳು. ನೆರೆದಿದ್ದವರ ನಡುವೆ ದಾರಿ ಮಾಡಿಕೊಂಡು ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತಳು. ವೆಂಕಟಮ್ಮ ಅವಳ ಕೈ ಹಿಡಿದುಕೊಂಡರು.

“ಅವತ್ತು ನಿನ್ನ ಚೀಲ ನೋಡಿದಾಗ ನಾನು ಬಾಯಿ ಬಿಡ್ಲಿಲ್ಲ ಕಣೆ. ಎಲ್ಲಾ ಗೊತ್ತಿದ್ದೂ ಸುಮ್ನೆ ಕೂತಿದ್ದೆ.”

ಜಯಮಾಲಾ ಕೈ ಬಿಡಿಸಿಕೊಳ್ಳಲಿಲ್ಲ.