ಮೂವತ್ತು ಇಂಚಿನ ಟವಲ್

ಪರಮಾನಂದನ ಟ್ಯಾಂಕಿಗೆ ಚಕ್ರ ಬಂದಿದ್ದವು, ಸರಪಳಿ ಬಂದಿತ್ತು, ತೋಪಿನ ನಳಿಕೆ ಬಂದಿತ್ತು. ಉಳಿದದ್ದು ಒಂದು ಪೆಟ್ಟಿಗೆ.

ಟ್ಯಾಂಕ್ ಎಂದರೆ ಸೇನೆಯ ಹಳೆಯ ವಿಜಯಂತ. ಅಸಲಿನ ಮೂವತ್ತೈದು ಇಂಚು ಇಲ್ಲಿ ಒಂದು ಇಂಚು. ಪರಮಾನಂದ ಬನಹಟ್ಟಿಯಲ್ಲಿ ಜಾಬರ್, ಕೆಟ್ಟ ಪವರ್‌ಲೂಮ್ ಬಿಚ್ಚಿ ಜೋಡಿಸಿ ಓಡುವಂತೆ ಮಾಡುವವ. ಇಪ್ಪತ್ತಾರು ವರ್ಷದ ಆ ಕೆಲಸದಿಂದ ಕೈಗೆ ಅಳತೆ ಕೂತಿತ್ತು. ಬಿಡುವಿನಲ್ಲಿ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಾದರಿ ಕಟ್ಟುವುದು ಅವನ ಹುಚ್ಚು.

ಈ ಸಲ ಹುಚ್ಚಿಗೆ ಒಂದು ತಾರೀಖೂ ಇತ್ತು. ಜನವರಿ ಹದಿನೈದು, ಸೇನಾ ದಿನದಂದು ಜಮಖಂಡಿಯಲ್ಲಿ ಮಾಜಿ ಸೈನಿಕರ ಹೊಸ ಸಭಾಭವನ ತೆರೆಯಲಿತ್ತು. ಅಲ್ಲಿಯ ಗಾಜಿನ ಕಪಾಟಿಗೆ ಈ ಟ್ಯಾಂಕ್ ಹೋಗಬೇಕು. ಹೌದು, ಅಲ್ಲ ಎನ್ನುವ ಅಧಿಕಾರ ಒಬ್ಬರದೇ: ಚಿಮ್ಮಡದ, ಟ್ಯಾಂಕ್ ಪಡೆಯ ನಿವೃತ್ತ ದಫೇದಾರ ಬಸಗೊಂಡಪ್ಪ. ಹನ್ನೊಂದು ವರ್ಷ ವಿಜಯಂತ ಓಡಿಸಿದವರು. ಮಾದರಿ ಯಾವುದೋ ವಿಜಯಂತದ್ದಾದರೆ ಸಾಲದು, ತಾವು ಓಡಿಸಿದ್ದೇ ಆಗಬೇಕು ಎಂದು ಅವರು ಮೊದಲೇ ಹೇಳಿದ್ದರು.

“ತೋಪಿನ ಗೋಪುರದ ಎಡಕ್ಕ ನಮ್ಮ ವರ್ಕ್‌ಶಾಪಿನವ್ರು ಒಂದು ಪೆಟ್ಟಿಗಿ ಬೆಸದಿದ್ರು. ಬ್ಯಾರೆ ಯಾ ಗಾಡಿಗೂ ಅದು ಇದ್ದಿಲ್ಲ.”

“ಎಷ್ಟು ಉದ್ದ ಇತ್ರಿ ಕಾಕಾ?”

ಬಸಗೊಂಡಪ್ಪ ಎರಡೂ ಕೈ ಅಗಲಿಸಿ ತೋರಿಸಿದರು. ಪರಮಾನಂದ ಟೇಪ್ ಹಿಡಿದ. ಮೂವತ್ತಾರು ಇಂಚು. ಮರುವಾರ ಮತ್ತೆ ಕೇಳಿದ, ಮತ್ತೆ ಟೇಪ್ ಹಿಡಿದ. ನಲವತ್ತೊಂದು.

“ಎರಡರಾಗ ಯಾವ್ದರಿ?”

“ನೆಪ್ಪಿದ್ದಷ್ಟು ತೋರ್ಸೇನಿ. ಅಳತಿ ನಿನ್ನ ಕೆಲಸ.”

“ಒಂದು ಫೋಟೋ ಇದ್ರ ಮುಗೀತು.”

“ಮನಾ ಇತ್ತು. ನಮ್ಮಲ್ಲಿ ಯಾರೂ ಫೋಟೋ ತಗಿಯೂ ಹಂಗಿದ್ದಿಲ್ಲ.” ಬಸಗೊಂಡಪ್ಪ ಎದ್ದು ನಿಂತರು. “ತಪ್ಪು ಪೆಟ್ಟಿಗಿ ಹಚ್ಕೊಂಡು ಬರಬ್ಯಾಡ ನೋಡು. ಕಪಾಟ ಖಾಲಿ ಇದ್ರೂ ನಡೀತೈತಿ.”

ಪರಮಾನಂದ ಹೆದರುವ ಆಳಲ್ಲ. ಫೋಟೋ ಎಲ್ಲೋ ಇದ್ದೇ ಇರುತ್ತದೆ, ಹುಡುಕುವವ ಸರಿಯಾಗಿ ಹುಡುಕಬೇಕು ಎಂಬುದು ಅವನ ನಂಬಿಕೆ. ಊರೂರಿನ ಚೌಕಗಳಲ್ಲಿ ಕಟ್ಟೆಯ ಮೇಲೆ ನಿಲ್ಲಿಸಿದ ವಿಜಯಂತಗಳ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಫೋನಿಗೆ ಇಳಿಸಿಕೊಂಡ. ಚಕ್ರಕ್ಕೆ, ಹೊಗೆಬಾಂಬಿನ ನಳಿಗೆಗಳಿಗೆ ಅವು ಸಾಕಾದವು. ಪೆಟ್ಟಿಗೆ ಒಂದರಲ್ಲೂ ಇರಲಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ‘ಹಳೆಯ ಟ್ಯಾಂಕಿನ ಫೋಟೋ ಇದ್ದರೆ ಕಳಿಸಿ’ ಎಂದು ಹಾಕಿದ. ರಬಕವಿಯಿಂದ ನೀರಿನ ಟ್ಯಾಂಕ್ ಬಂತು. ಮುಧೋಳದ ಗೆಳೆಯ ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕ್ ಕಳಿಸಿ, ಇದು ಸಾಕಷ್ಟು ಹಳೆಯದು ಎಂದು ಬರೆದಿದ್ದ.

ಜನವರಿ ಮೂರಕ್ಕೆ ಪರಮಾನಂದ ಮತ್ತೆ ಚಿಮ್ಮಡಕ್ಕೆ ಹೋದ. ಬಸಗೊಂಡಪ್ಪ ಭವನದ ಕೆಲಸಕ್ಕೆಂದು ಜಮಖಂಡಿ ಬಸ್ಸು ಹತ್ತಿದ್ದರು. ಮನೆಯಲ್ಲಿ ಅವರ ಹೆಂಡತಿ ಇಂದ್ರವ್ವ ಒಬ್ಬರೇ ಕಡಲೆಬೇಳೆ ಹಸನು ಮಾಡುತ್ತಿದ್ದರು. ಇಂದ್ರವ್ವನ ತವರು ಬನಹಟ್ಟಿ, ನೇಕಾರರ ಮನೆ. ಆ ಮನೆಯ ಮಗ್ಗಗಳು ಪರಮಾನಂದನ ಕೈಯಲ್ಲೇ ರಿಪೇರಿಯಾಗುವಂಥವು.

“ಕಾಕು, ಟ್ಯಾಂಕಿನ ಫೋಟೋ ಒಂದರ ಇರಬೇಕಲ್ರಿ ಮನ್ಯಾಗ?”

“ಇಲ್ಲಪಾ.”

“ಖರೇನ?”

“ಇಲ್ಲ ಅಂದ್ನೆಲ್ಲ. ಚಾ ಕುಡದ ಹೋಗು.”

ಚಹಾ ಬಂತು. ಕುಡಿಯುತ್ತ ಪರಮಾನಂದ ಸುಮ್ಮನೆ ಮಾತಿಗೆ ಕೇಳಿದ: “ಕಾಕಾ ಆ ಗಾಡಿ ಬಾಜು ನಿಂತದ್ದು, ಗಾಡಿ ಮ್ಯಾಲ ಕುಂತದ್ದು, ಏನೂ ಇಲ್ಲೇನ್ರಿ?”

ಇಂದ್ರವ್ವ ಬೇಳೆಯ ಮೊರ ಕೆಳಗಿಟ್ಟರು. ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಪತ್ರಗಳ ಅಡಿಯಿಂದ ಅಂಗೈಯಗಲದ ಕಪ್ಪು-ಬಿಳುಪು ಚಿತ್ರ ಹೊರಬಂತು.

“ಗಾಡಿದು ಐತಿ.”

ಪರಮಾನಂದ ಚಹಾದ ಬಸಿ ಕೆಳಗಿಡುವುದನ್ನೂ ಮರೆತ. “ಈಗ ಇಲ್ಲ ಅಂದ್ರೆಲ್ಲ ಕಾಕು?”

“ನೀ ಟ್ಯಾಂಕ್ ಅಂದಿ. ಟ್ಯಾಂಕಿನ ಫೋಟೋ ಯಾರರ ಕೇಳಿದ್ರ ಇಲ್ಲ ಅನ್ನು ಅಂತ ಪತ್ರದಾಗ ಬರದಾರ ಅವ್ರು. ನಲ್ವತ್ತ ವರ್ಷ ಇಲ್ಲ ಅನ್ಕೋತ ಬಂದೇನಿ. ಗಾಡಿದು ಇವತ್ತಿನ ತನಕ ಯಾರೂ ಕೇಳಿಲ್ಲ.”

“ಎರಡೂ ಒಂದ ಅಲ್ಲೇನ್ರಿ?”

“ಅದೆಲ್ಲ ನನಗೇನ ತಿಳೀತೈತಿ?” ಎಂದರು ಇಂದ್ರವ್ವ. ತಿಳಿದೇ ಇತ್ತು ಎಂಬುದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಚಿತ್ರದಲ್ಲಿ ತರುಣ ಬಸಗೊಂಡಪ್ಪ ಟ್ಯಾಂಕಿನ ಪಕ್ಕದಲ್ಲಿ ನಿಂತಿದ್ದರು. ಹಿಂದೆ ಗೋಪುರದ ಎಡಬದಿ ನೇರವಾಗಿ ಕಾಣುತ್ತಿತ್ತು. ಅಲ್ಲಿ ಪೆಟ್ಟಿಗೆ. ಅದರ ಪಕ್ಕದಲ್ಲೇ, ಒಂದೇ ಸಾಲಿನಲ್ಲಿ, ಸಾಮಾನಿನ ಬುಟ್ಟಿಯ ಮೇಲೆ ಒಣಹಾಕಿದ ಟವಲ್.

“ಟವಲ್ ನಮ್ಮ ತವರಮನಿದು,” ಎಂದರು ಇಂದ್ರವ್ವ. “ದಡಿ ನೋಡು. ಒಂದು ದಪ್ಪ ಗೆರಿ, ಎರಡು ಸಣ್ಣ. ಅವ್ರು ಸೂಟಿ ಮುಗಿಸಿ ಹೋಗುವಾಗ ಒಂದು ಡಜನ್ ಕಟ್ಟಿ ಕೊಟ್ಟಿದ್ದೆ.”

ಆ ದಡಿ ಪರಮಾನಂದನಿಗೆ ಗೊತ್ತಿತ್ತು. ಆ ಮನೆಯ ಟವಲಿನ ಪನ್ನಾ, ಅಂದರೆ ಬಟ್ಟೆಯ ಅಗಲ, ಮೂವತ್ತು ಇಂಚು. ಇಂದ್ರವ್ವನ ಅಪ್ಪನ ಕಾಲದಿಂದಲೂ ಅಷ್ಟೇ. ಟವಲಿನ ಎರಡೂ ಅಂಚು ಚಿತ್ರದಲ್ಲಿ ಸ್ಪಷ್ಟ, ನಡುವೆ ಮಡಿಕೆಯಿಲ್ಲ. ಇನ್ನು ಯಾರ ಕೈ ಅಗಲಿಕೆಯೂ ಬೇಡ. ಟ್ಯಾಂಕಿನ ಮೇಲೆ ಅಳತೆಪಟ್ಟಿಯೇ ನೇತುಬಿದ್ದಿತ್ತು.

“ಇದನ್ನ ಒಯ್ಯಲೇನ್ರಿ?”

“ಫೋಟೋ ಇಲ್ಲೇ ಇರ್ಲಿ. ಫೋನಿನಾಗ ತಕ್ಕೊ. ಅದನ್ನ ಬ್ಯಾಡ ಅಂತ ಅವ್ರು ಬರದಿಲ್ಲ.”

ಮನೆಗೆ ಬಂದವನೇ ಚಿತ್ರ ದೊಡ್ಡದಾಗಿ ಮುದ್ರಿಸಿ ವರ್ನಿಯರ್ ಮಾಪಕ ಹಿಡಿದ. ಟವಲ್ ಅರವತ್ತು ಮಿಲಿಮೀಟರ್, ಪೆಟ್ಟಿಗೆ ಎಪ್ಪತ್ತೆಂಟು. ಟವಲ್ ಮೂವತ್ತು ಇಂಚಾದರೆ ಪೆಟ್ಟಿಗೆ ಮೂವತ್ತೊಂಬತ್ತು. ಮಾದರಿಯಲ್ಲಿ ಇಪ್ಪತ್ತೆಂಟು ದಶಾಂಶ ಮೂರು ಮಿಲಿಮೀಟರ್. ಕತ್ತರಿಸಿದ, ಜೋಡಿಸಿದ, ಗೋಪುರಕ್ಕೆ ಹಿಡಿದು ನೋಡಿದ. ಕೂರಲಿಲ್ಲ. ಮುಂದೆ ಹೊಗೆಬಾಂಬಿನ ನಳಿಗೆಗಳು, ಹಿಂದೆ ಸಾಮಾನಿನ ಬುಟ್ಟಿ. ನಡುವಿನ ಜಾಗ ಇಪ್ಪತ್ತೇಳೂವರೆ. ಚಿತ್ರದಲ್ಲಿ ಪೆಟ್ಟಿಗೆಯ ಎರಡೂ ಕಡೆ ಸಂದು ಕಾಣುತ್ತಿತ್ತು. ಇಲ್ಲಿ ಪೆಟ್ಟಿಗೆಯೇ ಜಾಗಕ್ಕಿಂತ ಮುಕ್ಕಾಲು ಮಿಲಿಮೀಟರಿನಷ್ಟು ದೊಡ್ಡದು.

ಎರಡು ದಿನ ಅವನು ಗೋಪುರದ ನಕ್ಷೆಯ ಮೇಲೆ ಸಂಶಯಪಟ್ಟ. ಚೌಕಗಳ ಚಿತ್ರ ತೆಗೆದು ಗೋಪುರವನ್ನು ನಾಲ್ಕು ಕಡೆಯಿಂದ ತಾಳೆ ನೋಡಿದ. ನಕ್ಷೆ ಸರಿಯಿತ್ತು.

ಮೂರನೆಯ ದಿನ ಅವನ ಹೆಂಡತಿ ಶೈಲಾ ಒಗೆದ ಬಟ್ಟೆಯ ಬುಟ್ಟಿ ಹೊತ್ತು ಮಾಳಿಗೆಗೆ ಹೊರಟವಳು ಮೇಜಿನ ಹತ್ತಿರ ನಿಂತಳು.

“ಇನ್ನೂ ಹತ್ತಿಲ್ಲೇನ್ರಿ ಅದು?”

“ಟವಲ್ ಮೂವತ್ತ ಇಂಚ್. ಅದು ತಪ್ಪೂದಿಲ್ಲ. ಆ ಮಗ್ಗಕ್ಕ ಅಗಲ ಹಿಡಿಯೂ ಫಣಿ ಕೂಡ್ಸಿದವ್ನ ನಾನು.”

ಶೈಲಾ ಚಿತ್ರಕ್ಕೆ ಬಾಗಿದಳು. “ಒಣಗಾಕ ಹಾಕ್ಯಾರಂದ್ರ ಒಗದಾರ. ಒಗದ ಟವಲ್ ಮೂವತ್ತ ಎಲ್ಲಿ ಉಳೀತೈತಿ? ನೀವು ನೇಯವ್ರು ಮಗ್ಗದ ಮ್ಯಾಲಿಂದ ಅಷ್ಟ ನೋಡ್ತೀರಿ. ಒಗ್ಯಾವ್ರನ್ನ ಕೇಳ್ರಿ.”

ಪರಮಾನಂದ ಅವಳ ಮುಖ ನೋಡಿದ. ಬನಹಟ್ಟಿಯಲ್ಲಿ ಯಾರನ್ನೇ ಕೇಳಿದರೂ ಪನ್ನಾ ಎಂದರೆ ಮಗ್ಗದಿಂದ ಇಳಿದಾಗಿನ ಅಗಲ. ಬಟ್ಟೆ ಮೊದಲ ನೀರು ಕಾಣುವ ಹೊತ್ತಿಗೆ ಊರು ಬಿಟ್ಟಿರುತ್ತದೆ. ಆಮೇಲೆ ಅದು ಎಷ್ಟಾಯಿತು ಎಂದು ಊರಿನವರು ಅಳೆಯುವುದಿಲ್ಲ.

ಹಾಗಂತ ಬರೀ ಮಾತು ನಂಬುವವನೂ ಅಲ್ಲ ಅವನು. ಇಂದ್ರವ್ವನ ತವರಿನಿಂದಲೇ ಹೊಸ ಟವಲ್ ತಂದ. ಶೈಲಾ ಅದನ್ನು ಬಿಸಿನೀರಿನಲ್ಲಿ ಮೂರು ಸಲ ಒಗೆದು ಮೂರು ಸಲ ಒಣಗಿಸಿದಳು. ಇಪ್ಪತ್ತೆಂಟೂವರೆ ಇಂಚು. ಲೆಕ್ಕ ಮತ್ತೆ ಹಾಕಿದ: ಪೆಟ್ಟಿಗೆ ಮೂವತ್ತೇಳು ಇಂಚು, ಮಾದರಿಯಲ್ಲಿ ಇಪ್ಪತ್ತಾರು ದಶಾಂಶ ಒಂಬತ್ತು ಮಿಲಿಮೀಟರ್. ಹೊಸ ಪೆಟ್ಟಿಗೆ ನಳಿಗೆ ಮತ್ತು ಬುಟ್ಟಿಯ ನಡುವೆ ಕೂತಿತು. ಎರಡೂ ಕಡೆ ಕೂದಲೆಳೆಯಷ್ಟು ಸಂದು ಉಳಿಯಿತು, ಚಿತ್ರದಲ್ಲಿದ್ದಂತೆ.

ಹದಿನೈದರ ಬೆಳಿಗ್ಗೆ ಎಂಟಕ್ಕೆ ಪರಮಾನಂದ ಮಾದರಿ ಹಿಡಿದು ಜಮಖಂಡಿಯ ಭವನದ ಮೆಟ್ಟಿಲ ಮೇಲೆ ನಿಂತ. ಬಸಗೊಂಡಪ್ಪ ಪದಕಗಳನ್ನು ಹಚ್ಚಿಕೊಂಡು ಬಾಗಿಲಲ್ಲೇ ಇದ್ದರು. ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಇಡಲು ಹೇಳಿ ಕನ್ನಡಕ ಏರಿಸಿದರು. ಬಲಗಡೆ ನೋಡಿದರು. ಹಿಂದೆ ನೋಡಿದರು. ಎಡಕ್ಕೆ ಬಂದಾಗ ಬಾಗಿದವರು ಏಳಲಿಲ್ಲ.

“ಪೆಟ್ಟಿಗಿ ಅಳತಿ ಯಾರು ಕೊಟ್ರು?”

“ಟವಲ್ ಕೊಡ್ತ್ರಿ.”

ಬಸಗೊಂಡಪ್ಪ ತಿರುಗಿ ಅಂಗಳದತ್ತ ನೋಡಿದರು. ಇಂದ್ರವ್ವ ಕುರ್ಚಿಯ ಮೇಲೆ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

“ನಲ್ವತ್ತ ವರ್ಷಕ್ಕ ಬಾಯಿ ಬಿಟ್ಟಾಳಲೇ ಇಕಿ,” ಎಂದರು. ಆಮೇಲೆ ಉಗುರಿನ ತುದಿಯನ್ನು ಪೆಟ್ಟಿಗೆಯ ಹಿಂದಿನ ಸಂದಿನ ಹತ್ತಿರ ತಂದು ನಿಲ್ಲಿಸಿದರು. “ಇಲ್ಲೆ ಬೆರಳು ಹೋಗ್ತಿದ್ದಿಲ್ಲ. ಗ್ರೀಸ್ ಬಟ್ಟಿ ತುರಕಿದ್ರ ಕಡ್ಡೀಲೆ ತಗೀತಿದ್ವಿ. ಇದು ನನ್ನ ಗಾಡಿ.”

ಪರಮಾನಂದ ಎತ್ತಲು ಕೈಚಾಚಿದ.

“ತಡಿ. ಮುಂದಿನ ಮುಚ್ಚಳ ಯಾಕ ಮುಚ್ಚೀದಿ?”

“ಮುಚ್ಚೇ ಇರ್ತೈತಲ್ರಿ?”

“ಮೆರವಣಿಗಿ ದಿನ ತಗದಿರ್ತೈತಿ. ಡ್ರೈವರ್ ತಲಿ ಹೊರಗ ಕಾಣ್ಬೇಕು. ಮುಚ್ಚಿದ್ರ ನಾ ಎಲ್ಲಿ ಕುಂಡ್ರಲಿ?”

ಉದ್ಘಾಟನೆಗೆ ಇನ್ನೂ ಎರಡು ತಾಸು ಇತ್ತು. ಪರಮಾನಂದ ಮೆಟ್ಟಿಲ ಮೇಲೆ ಕೂತು ಜೇಬಿನಿಂದ ಸಣ್ಣ ಬ್ಲೇಡು ತೆಗೆದ, ಅಂಟು ಹಚ್ಚಿದ ಗೆರೆ ಹುಡುಕಿ ಮೊದಲ ಗೀರು ಹಾಕಿದ. ಬಸಗೊಂಡಪ್ಪ ಅವನಿಗೆ ಬೆಳಕು ಬೀಳಲೆಂದು ಪಕ್ಕಕ್ಕೆ ಸರಿದು ನಿಂತರು.