ಕ್ಯಾಮ್ ಹೋಗಯಾ

ಎಂಜಿನ್ನಿನೊಳಗೆ ಏನೋ ಕುಂಟುತ್ತಿದೆ, ಸಾವಕಾಶ ಹೋಗುವಾಗ ದಡಬಡ ದಡಬಡ, ಎಕ್ಸಲರೇಟರ್ ಒತ್ತಿದರೆ ಒಮ್ಮೆಲೇ ಗುಟುರು, ಹಿಂದಿನ ಸೀಟಿನಲ್ಲಿ ಅಪ್ಪನ ತಾಯಿ ದಾದಿಯ ಪಕ್ಕ ಮುದುಡಿ ಕುಳಿತ ರಶೀದಾಳ ಅಂಗಾಲಿಗೆ ಅದು ತಗಲುತ್ತದೆ, ಅಲ್ಲಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹೊಟ್ಟೆಗೆ — ಇರಲಿ, ಹೊಸ ಸಾಮಾನಿನ ಸದ್ದು ಹೀಗೇ ಇರುತ್ತದೇನೋ, ಅಣ್ಣ ಮಜೀದನ ಹೆಗಲು ನೋಡು, ಸೇಡಂ ಬಿಟ್ಟಾಗಿನಿಂದ ಹೇಗೆ ಹಿಗ್ಗಿವೆ, ದಿನಾ ಇದೇ ಅಂಬಾಸಿಡರ್, ವಾಡಿಯ ರೈಲು ಹಿಡಿಯುವವರನ್ನು ಮುಟ್ಟಿಸುವುದು, ನಡುವೆ ಚಿತ್ತಾಪುರದಲ್ಲಿ ಅವಳನ್ನು ಅವಳು ಪಾಠ ಹೇಳುವ ಶಾಲೆಯ ಮುಂದೆ ಇಳಿಸುವುದು, ದಿನಾ ನೆಲಕ್ಕೆ ಹಾಸುವ ಫರಸಿಕಲ್ಲು ಹೇರಿದ ಲಾರಿಗಳ ಹಿಂದೆ ಧೂಳು ಕುಡಿಯುವುದು, ಇನ್ನು ಕುಡಿಯಲಾರೆ ಎಂದೇ ಅವನು ಎಂಜಿನ್ನಿನ ವೇಗ ಹೆಚ್ಚಿಸುವ ಈ ಹಟ ಹಿಡಿದದ್ದು. ಮುಂದಿನ ಸೀಟಿನಲ್ಲಿ ಕಿರಾಣಿ ಅಂಗಡಿಯ ದೇವೀಂದ್ರಪ್ಪ, ಹೋದ ಸಲ ವಾಡಿಯಲ್ಲಿ ರೈಲು ತಪ್ಪಿಸಿಕೊಂಡವರು, ಅದನ್ನೇ ಚುಚ್ಚುತ್ತಾರೆ, ರೇಸಿನ ಸಾಮಾನು ಹಾಕಿಸೀದಿ ಅಂತಲ್ಲೋ ಮಜೀದ, ಎತ್ತಿನ ಬಂಡಿ ನಮ್ಮನ್ನ ಹಿಂದ ಹಾಕ್ಲಿಕತ್ತದ. ಮಜೀದ ನಗುತ್ತಾನೆ, ಜರಾ ಖುಲ್ಲಾ ರಸ್ತಾ ಬರ್ಲಿ ಸಾಹುಕಾರ್ರ, ನಿಮ್ಮ ಟೋಪಿ ಹಿಡ್ಕೋರಿ.

ಗಾಡಿ ಬಿಟ್ಟುಬರಲು ಹೋದ ದಿನ ಶಹಾಬಾದಿನ ಮೆಕ್ಯಾನಿಕ್ ಜಿಲಾನಿಯ ಶೆಡ್ಡಿನ ಮುಂದೆ ಅವಳು ಕಾರಿನಿಂದ ಇಳಿಯಲೇ ಇಲ್ಲ, ಸೆರಗು ಎಳೆದುಕೊಂಡು ಕಿಟಕಿಯ ಅಂಚಿನಿಂದ ಎಲ್ಲ ಕೇಳಿಸಿಕೊಂಡಳು, ಗೋಣಿಯ ಮೇಲೆ ಎಂಜಿನ್ನಿನ ವಾಲ್ವುಗಳನ್ನು ತಳ್ಳಿ ತೆರೆಯುವ ಎರಡು ಕ್ಯಾಮ್ ಶಾಫ್ಟು, ಒಂದರ ಉಬ್ಬುಗಳು ತಗ್ಗು, ಇನ್ನೊಂದರವು ಎತ್ತರ, ಜಿಲಾನಿ ತಗ್ಗಿನದನ್ನೇ ಮುಂದೆ ತಳ್ಳುತ್ತಿದ್ದಾನೆ, ಭಾಯ್, ದಿನಾ ಓಡೋ ಗಾಡಿಗಿ ಇದು ಸಾಕು, ಅದು ಹಾಕಿದ್ರ ಸಾವಕಾಶ ಹೋಗೋವಾಗ ದಮ್ ಇರಂಗಿಲ್ಲ. ನನಗ ಮದಿವಿ ಕುದುರಿ ಬ್ಯಾಡೋ, ಓಡೋ ಕುದುರಿ ಬೇಕು, ಅಂದ ಮಜೀದ. ಹಂಗಾದ್ರ ವಾಲ್ವಿನ ಸ್ಪ್ರಿಂಗ್ ಸೈತ ಬಿರುಸಿನವು ಬೇಕು, ಹಳೇವು ಇಟ್ಟು ಜೋರ್ ಓಡಿಸಿದ್ರ — ಜಿಲಾನಿ ಎಡಗೈಯನ್ನು ಪುಟ್ಟ ಬಾಗಿಲಿನಂತೆ ಅರೆ ತೆರೆದ, ಇದು ವಾಲ್ವ್, ಸ್ಪ್ರಿಂಗ್ ಇದನ್ನ ಎಳೆದು ಮುಚ್ಚಬೇಕು, ಮುಚ್ಚೋದ್ರಾಗ ಜರಾ ತಡ ಆಯ್ತು, ಕೆಳಗಿಂದ ಪಿಸ್ಟನ್ ಬರ್ತದ — ಬಲಗೈಯ ಮುಷ್ಟಿ ಮೇಲೆದ್ದು ಆ ಬಾಗಿಲಿಗೆ ಬಡಿಯಿತು, ಎಂಜಿನ್ ಖತಂ. ಮಜೀದ ಒಪ್ಪಿದ, ಎರಡೂ ಹಾಕು ಅಂದ, ಹಾಕಿದ್ದಾನೆ, ಹಾಕಿರಲೇಬೇಕು, ನಿನ್ನೆ ಶಹಾಬಾದಿನ ನೆಂಟರ ಮನೆಯಿಂದ ಬಂದ ದಾದಿಯೇ ಸುದ್ದಿ ತಂದಳಲ್ಲ, ಜಿಲಾನಿ ಹೇಳ್ಯಾನ, ಕಾಮ್ ಹೋಗಯಾ ಅಂತ, ಕೆಲಸ ಮುಗಿದಿದೆ ಎಂದರೆ ಮುಗಿದಿದೆ, ಮಜೀದ ಆಗಲೇ ಹೋಗಿ ತನ್ನ ಬಳಿಯಿದ್ದ ಇನ್ನೊಂದು ಕೀಲಿಯಿಂದ ಗಾಡಿ ತಂದ, ಜಿಲಾನಿ ಶೆಡ್ಡಿನಲ್ಲಿರಲಿಲ್ಲವಂತೆ, ಹೈದರಾಬಾದಿಗೆ ಹೋಗಿದ್ದನಂತೆ — ಹೈದರಾಬಾದಿಗೆ ಯಾಕೆ?

ದಾದಿ ಎಲೆ ಅಡಿಕೆ ಮೆಲ್ಲುತ್ತ ತನ್ನಷ್ಟಕ್ಕೆ ನಗುತ್ತಿದ್ದಾಳೆ, ಆ ಜಿಲಾನಿ ನಾಲಿಗಿ ಭಾಳ ಸೊಟ್ಟ ಅದ ನೋಡು ಬೇಟಿ, ಕಾಮ್ ಅನ್ಲಿಕ್ಕೆ ಬರಂಗಿಲ್ಲ, ಕ್ಯಾಮ್ ಹೋಗಯಾ ಕ್ಯಾಮ್ ಹೋಗಯಾ ಅಂತಾನ.

ಕ್ಯಾಮ್. ಕೆಲಸವಲ್ಲ, ಕ್ಯಾಮ್. ಕ್ಯಾಮ್ ಮಾತ್ರ ಆಗಿದೆ, ಸ್ಪ್ರಿಂಗು ತರಲೆಂದೇ ಅವನು ಹೈದರಾಬಾದಿಗೆ ಹೋಗಿದ್ದಾನೆ, ಹೇಳಬೇಕು, ಈಗಲೇ, ಭಾಯಿಜಾನ್ ಅಂದಳು, ಅಂದಳೋ ಇಲ್ಲವೋ, ಎಂಜಿನ್ನು ಅವಳ ದನಿಯನ್ನು ನುಂಗಿತು, ಹೇಳಬೇಕಾದ್ದನ್ನೆಲ್ಲ ರಾತ್ರಿ ಡೈರಿಯಲ್ಲಿ ಬರೆದು ಮಲಗುವವಳ ಗಂಟಲು ಇದು, ಬಿ.ಎ. ಪಾಸಾದರೂ ಗಂಡಸರ ಮುಂದೆ ಸಣ್ಣದಾಗುವ ಗಂಟಲು, ಮುಂದೆ ಕಲ್ಲಿನ ಲಾರಿ, ಪಕ್ಕ ಖಾಲಿ ರಸ್ತೆ, ಹಾಂ ಈಗ ತೋರಿಸಪಾ ಅಂದರು ದೇವೀಂದ್ರಪ್ಪ, ಕಾರು ಬಲಕ್ಕೆ ಹೊರಳಿತು, ವೇಗದ ಮುಳ್ಳು ಏರುತ್ತಿದೆ, ಸದ್ದು ಏರುತ್ತಿದೆ, ಆ ಪುಟ್ಟ ಬಾಗಿಲು ತೆರೆಯುತ್ತಿದೆ, ಸೋತ ಸ್ಪ್ರಿಂಗು ಎಳೆಯುತ್ತಿದೆ, ಎಟಕುತ್ತಿಲ್ಲ, ಅವಳ ಕೈ ತಾನಾಗಿ ಹೋಗಿ ಅಣ್ಣನ ಕಾಲರು ಹಿಡಿಯಿತು, ಭಾಯಿಜಾನ್, ಸ್ಪ್ರಿಂಗ್ ಹಳೇವೇ ಅವ, ಜಿಲಾನಿ ಕ್ಯಾಮ್ ಅಷ್ಟೇ ಹಾಕ್ಯಾನ — ಕನ್ನಡಿಯಲ್ಲಿ ಮಜೀದನ ಕಣ್ಣು, ಬಣ್ಣ ಇಳಿದ ಮುಖ, ಮತ್ತು ಅದೇ ಹೊತ್ತಿಗೆ ತಿರುವಿನಿಂದ ಬಸ್ಸು, ಕೆಂಪು ಮೂತಿ, ಹಾರ್ನು, ಪಕ್ಕದಲ್ಲಿ ಲಾರಿಯ ಚಕ್ರಗಳು ಮುಗಿಯುತ್ತಲೇ ಇಲ್ಲ, ಒತ್ತಿದರೆ ಬಾಗಿಲಿಗೆ ಮುಷ್ಟಿ, ಒತ್ತದಿದ್ದರೆ ಬಸ್ಸು, ಒತ್ತಲ್ಯಾ ಬಿಡಲ್ಯಾ, ಮಜೀದ ಕೂಗುತ್ತಿದ್ದಾನೆ, ತಂಗಿಯನ್ನೇ ಕೇಳುತ್ತಿದ್ದಾನೆ, ರಶೀದಾ, ಹೇಳು.

ಬಿಡು, ಅಂದಳು. ಅಷ್ಟು ಗಟ್ಟಿಯಾಗಿ ಅವಳು ಯಾವತ್ತೂ ಏನನ್ನೂ ಅಂದಿರಲಿಲ್ಲ.

ಬ್ರೇಕು, ಕಾರು ಮತ್ತೆ ಎಡಕ್ಕೆ, ಲಾರಿಯ ಬೆನ್ನಿಗೆ, ಕಿಟಕಿಯ ಪಕ್ಕ ಬಸ್ಸಿನ ಬಿಸಿಗಾಳಿ, ಆಮೇಲೆ ಧೂಳು, ದಮ್ಮಿಲ್ಲದ ಎಂಜಿನ್ನು ದಡಬಡಿಸಿ ನಿಂತಿತು, ದೇವೀಂದ್ರಪ್ಪ ಎರಡೂ ಕೈಯಲ್ಲಿ ಟೋಪಿ ಹಿಡಿದುಕೊಂಡಿದ್ದಾರೆ, ದಾದಿ ಏನಾಯ್ತು ಏನಾಯ್ತು ಅಂತ ಅವಳ ತೋಳು ಅಲುಗಿಸುತ್ತಿದ್ದಾಳೆ, ಏನೂ ಆಗಿಲ್ಲ ದಾದಿ, ಏನೂ ಆಗಿಲ್ಲ, ಎಂಜಿನ್ನು ಆರಿದೆ, ಮಜೀದ ಹಣೆಯನ್ನು ಸ್ಟೇರಿಂಗಿಗೆ ಆನಿಸಿದ್ದಾನೆ, ಆದರೂ ಅವಳು ಕಣ್ಣು ಮುಚ್ಚಿದರೆ ಅಲ್ಲಿ ಕತ್ತಲಲ್ಲಿ ಅದು ತೆರೆದೇ ಇದೆ, ಆ ಪುಟ್ಟ ಬಾಗಿಲು, ಅರ್ಧ, ಕೆಳಗಿನಿಂದ ಮುಷ್ಟಿ ಬರುತ್ತಿದೆ, ಬಾಗಿಲು ಮುಚ್ಚುತ್ತಿಲ್ಲ, ಬರುತ್ತಿದೆ, ಮುಚ್ಚುತ್ತಿಲ್ಲ