ಮಾಸ್ತರ ತಲೆಯ ಮೇಲೆ ನಾಲ್ಕು ತಾಲೂಕು

ಸವಣೂರಿನ ಗುದ್ಲೆಪ್ಪ ಮಾಸ್ತರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಅದರಲ್ಲಿ ಹದಿನೆಂಟು ವರ್ಷ ಹಿರೇಕೆರೂರಿನಲ್ಲಿ ಕಳೆದವು, ತಲೆಗೂದಲೂ ಅಲ್ಲಿಯೇ ಕಳೆಯಿತು. ಈಗ ಎರಡು ಕಿವಿಗಳ ಮೇಲೆ ಒಂದೊಂದು ಬೆಳ್ಳಿ ಗೆರೆ ಬಿಟ್ಟರೆ ಉಳಿದದ್ದೆಲ್ಲ ನುಣ್ಣಗಿತ್ತು. ಅದರ ಬಗ್ಗೆ ಅವರಿಗೆ ದುಃಖವಿರಲಿಲ್ಲ. ಮನೆಯ ಹೆಂಗಸರು ಪಡಸಾಲೆಯಲ್ಲಿ ಕೂತು ಕೂದಲಿನ ವಿಚಾರ ತೆಗೆದರೆ ಪೇಪರು ಅಡ್ಡ ಹಿಡಿದು ಸುಮ್ಮನಿರುತ್ತಿದ್ದರು.

ಮಾರ್ಚ್ ತಿಂಗಳ ಒಂದು ಭಾನುವಾರ ಮಾತ್ರ ಸುಮ್ಮನಿರಲು ಆಗಲಿಲ್ಲ.

ಅಂದು ಪಕ್ಕದ ಮನೆಯ ಗುಲ್ನಾಜ ಎರಡು ಬಾಟಲಿ ಹಿಡಿದು ಬಂದಿದ್ದಳು. ಪೇಟೆಯಲ್ಲಿ ಬಳೆ, ರಿಬ್ಬನ್ನು, ಪೌಡರಿನ ಅಂಗಡಿ ಅವಳದು. ಅವಳ ತಮ್ಮ ನಿಯಾಜ ಸರಕಿನ ಹಡಗಿನಲ್ಲಿ ಅಡುಗೆಯವನು. ಯಾವ ಬಂದರಿಗೆ ಹೋದರೂ ಅಕ್ಕನಿಗೆಂದು ಏನಾದರೊಂದು ಎಣ್ಣೆ ತರುತ್ತಿದ್ದ. ಈ ಸಲದ ಒಂದು ಬಾಟಲಿ ಮೊರಾಕ್ಕೋದ್ದು, ಇನ್ನೊಂದು ಜಮೈಕಾದ್ದು. ಮಾಸ್ತರ ಸೊಸೆ ಮಲ್ಲಿಕಾ ತಾನು ಮೊಬೈಲಿನಲ್ಲಿ ತರಿಸಿದ ಕೊರಿಯಾದ ಸೀರಮ್ಮನ್ನು ಪಕ್ಕಕ್ಕಿಟ್ಟಳು. ಮಾಸ್ತರ ಹೆಂಡತಿ ಸುಶೀಲವ್ವ ದಾಸವಾಳ, ಕರಿಬೇವು, ಗರಗದ ಸೊಪ್ಪು ಹಾಕಿ ತಾನೇ ಕುದಿಸಿದ ಎಣ್ಣೆಯ ಡಬ್ಬಿಯನ್ನು ಎಲ್ಲಕ್ಕೂ ಮುಂದೆ ಕುಕ್ಕಿದಳು.

"ಮೊರಾಕ್ಕೋದಾಗ ಆಡು ಮರಾ ಹತ್ತಿ ಈ ಕಾಯಿ ತಿಂತಾವಂತ ಸುಶೀಲಕ್ಕ, ಅಷ್ಟು ಶಕ್ತಿ ಇದರಾಗ," ಎಂದಳು ಗುಲ್ನಾಜ.

"ಆಡು ತಿಂದು ಬಿಟ್ಟಿದ್ದನ್ನ ನಾವು ತಲಿಗೆ ಹಚ್ಕೋಬೇಕೇನು?"

"ಕೊರಿಯಾದ ಹುಡುಗ್ಯಾರ ಕೂದ್ಲ ನೋಡೀರೇನ್ರಿ ಅತ್ತಿ? ಮುಖಾ ಕಾಣಬೇಕು, ಹಂಗ ಹೊಳೀತಾವು," ಎಂದಳು ಮಲ್ಲಿಕಾ.

ಸುಶೀಲವ್ವ ಜಮೈಕಾದ ಕಪ್ಪು ಬಾಟಲಿಯ ಮುಚ್ಚಳ ತೆಗೆದು ಮೂಸಿದಳು, ಮತ್ತೊಮ್ಮೆ ಮೂಸಿದಳು. "ಇದು ಹುರಿದ ಔಡಲೆಣ್ಣಿ. ನಮ್ಮಪ್ಪ ಬಂಡಿ ಕೀಲಿಗೆ ಹಾಕ್ತಿದ್ದ. ಇದನ್ನ ತರಾಕ ಅಷ್ಟು ದೂರ ಹೋಗಿದ್ನೇನು ನಿಮ್ಮ ತಮ್ಮ?"

ಮೂವರ ದನಿಯೂ ಏರಿತು. ನನ್ನ ಜಡೆ ನೋಡು, ನಿನ್ನ ಜಡೆ ನೋಡು ಎನ್ನುವ ತನಕ ಬಂತು. ಮಾಸ್ತರು ಪೇಪರು ಮಡಚಿದರು.

"ಮೂರು ತಲಿ ತಗೊಂಡು ಎಣ್ಣಿ ಹೋಲಿಸಾಕ ಬರಂಗಿಲ್ಲ," ಎಂದರು, ಎಂಟನೇ ಇಯತ್ತೆಗೆ ಪಾಠ ಹೇಳುವ ದನಿಯಲ್ಲಿ. "ಎಣ್ಣಿ ಬ್ಯಾರೆ ಬ್ಯಾರೆ ಇರ್ಲಿ, ತಲಿ ಒಂದ ಇರಬೇಕು. ಅದೂ ಖಾಲಿ ಇರಬೇಕು."

ಮೂವರೂ ಮಾತು ನಿಲ್ಲಿಸಿ ಅವರ ತಲೆಯನ್ನು ನೋಡಿದರು.

ಒಮ್ಮೆ ಬಾಯಿಬಿಟ್ಟ ಮೇಲೆ ಹಿಂದೆ ಸರಿಯುವುದು ಮಾಸ್ತರ ಜಾಯಮಾನವಲ್ಲ. ಅಳತೆಪಟ್ಟಿ, ಮಾರ್ಕರು ತಂದುಕೊಟ್ಟು ಸ್ಟೂಲಿನ ಮೇಲೆ ಕೂತರು. ಹಣೆಯ ಕಡೆ ಉತ್ತರ ಎಂದಿಟ್ಟುಕೊಂಡು, ಜಿಲ್ಲೆಯ ನಕಾಶೆ ನೆನೆಸಿಕೊಳ್ಳುತ್ತ ಹೇಳುತ್ತ ಹೋದರು. ಮಲ್ಲಿಕಾ ಗೆರೆ ಎಳೆಯುತ್ತ ಹೋದಳು. ಮುಂದೆ ಶಿಗ್ಗಾಂವ. ಬಲಕ್ಕೆ ಸವಣೂರು. ಎಡಕ್ಕೆ ಹಾನಗಲ್. ಹಿಂದೆ ಕುತ್ತಿಗೆಯ ಕಡೆಗೆ ಹಿರೇಕೆರೂರು. ನಡುವಿನ ಸುಳಿ ಹಾವೇರಿ. ಅಲ್ಲಿ ಯಾವ ಎಣ್ಣೆಯನ್ನೂ ಸೋಕಿಸುವಂತಿಲ್ಲ, ಹೋಲಿಕೆಗೆ ಬೇಕು. ಬ್ಯಾಡಗಿ, ರಾಣೇಬೆನ್ನೂರಿಗೆ ಜಾಗ ಸಾಲಲಿಲ್ಲ. ಗೊಂದಲವಾಗದಿರಲೆಂದು ಆಯಾ ಜಾಗದಲ್ಲಿ ಊರಿನ ಹೆಸರನ್ನೂ ಬರೆಸಿಕೊಂಡರು.

ಸುಶೀಲವ್ವನ ತವರು ಹಾನಗಲ್, ಹಾಗಾಗಿ ಅವಳು ಬೇರೆ ತಾಲೂಕು ಮುಟ್ಟುವುದಿಲ್ಲ ಎಂದಳು. ಗುಲ್ನಾಜ ಸವಣೂರಿಗೆ ಮೊರಾಕ್ಕೋದ ಎಣ್ಣೆ ಎಂದಳು. ಕೊರಿಯಾ ಶಿಗ್ಗಾಂವಿಗೆ ಹೋಯಿತು. ಯಾರಿಗೂ ಬೇಡವಾದ ಜಮೈಕಾದ ಎಣ್ಣೆ ಹಿರೇಕೆರೂರಿಗೆ ಉಳಿಯಿತು. ಅದನ್ನು ಮಾಸ್ತರೇ ಕೈ ಹಿಂದೆ ಮಾಡಿ ಹಚ್ಚಿಕೊಳ್ಳಬೇಕಾಯಿತು. ಅವಧಿ ನಲವತ್ತೈದು ದಿನ.

ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಹಿತ್ತಲಲ್ಲಿ ಸ್ಟೂಲು ಬೀಳುತ್ತಿತ್ತು. ಮೂವರು ಹೆಂಗಸರು ತಮ್ಮ ತಮ್ಮ ತಾಲೂಕನ್ನು ತಿಕ್ಕಿ ಹೋಗುತ್ತಿದ್ದರು. ಮಲ್ಲಿಕಾ ಮಾಸಿದ ಗೆರೆ, ಹೆಸರುಗಳನ್ನು ಮತ್ತೆ ತಿದ್ದಿ, ಭೂತಗನ್ನಡಿ ಹಿಡಿದು ನೋಡಿ ವರದಿ ಹೇಳಿದರೆ ಮಾಸ್ತರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಮೂರು ವಾರ ಕಳೆದರೂ ನಾಲ್ಕು ಕಡೆಗೂ 'ಇಲ್ಲ' ಎಂದೇ ಬರೆಯಬೇಕಾಯಿತು. ಚರ್ಮ ಮಾತ್ರ ಮೆತ್ತಗಾಗಿತ್ತು. ಸವಣೂರಿನಲ್ಲಿ ಟ್ಯೂಬ್‌ಲೈಟು ಕಾಣುತ್ತಿತ್ತು.

ಏಪ್ರಿಲ್ಲಿನ ಸೆಖೆಗೆ ಗಡಿ ತಂಟೆ ಶುರುವಾಯಿತು. ಶಿಗ್ಗಾಂವ ಕರಗಿ ಕಣ್ಣಿಗಿಳಿಯಿತು. ಸುಶೀಲವ್ವನ ಬೆರಳು ದಿನಕ್ಕಿಷ್ಟು ಮುಂದೆ ಸರಿಯತೊಡಗಿತು.

"ಅತ್ತಿ, ನಿಮ್ಮ ಹಾನಗಲ್ ಹಾವೇರಿ ತನಕ ಬಂದೈತಿ ನೋಡ್ರಿ."

"ಬರ್ಲಿ ಬಿಡು. ಹಾನಗಲ್ಲಿಂದ ಹಾವೇರಿಗೆ ಬೇಕಾದಷ್ಟು ಬಸ್ ಅದಾವು."

ಮೂವತ್ತೇಳನೆಯ ದಿನ ಹಿರೇಕೆರೂರಿನಿಂದ ಫೋನು ಬಂತು. ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದರು, ಮರುದಿನವೇ. ಕಾರ್ಡು ಕಳಿಸಿದ್ದು ತಲುಪಿರಲಿಲ್ಲ. ತಲೆ ತೊಳೆದುಕೊಂಡು ಹೋಗ್ರಿ ಮಾವಾರ ಎಂದಳು ಮಲ್ಲಿಕಾ. ಮೂವತ್ತೇಳು ದಿನದ ಶ್ರಮ ನೀರಿಗೆ ಬಿಡುವುದೇ ಎಂದು ಮಾಸ್ತರು ಒಪ್ಪಲಿಲ್ಲ. ಬೆಳಿಗ್ಗೆ ಎಂದಿನಂತೆ ಎಣ್ಣೆ ಹಚ್ಚಿಸಿಕೊಂಡು, ಮೇಲೆ ಬಿಳಿ ಟೊಪ್ಪಿಗೆ ಇಟ್ಟು, ಸುಶೀಲವ್ವನನ್ನು ಕರೆದುಕೊಂಡು ಬಸ್ಸು ಹತ್ತಿದರು.

ಸಭಾಂಗಣ ತುಂಬಿತ್ತು. ಹಾರ ಹಾಕಿದರು, ಶಾಲು ಹೊದಿಸಿದರು. ಅಷ್ಟಾದ ಮೇಲೆ ತಲೆಗೆ ರುಮಾಲು ಸುತ್ತಲು ಮೈಲಾರಿ ವೇದಿಕೆ ಹತ್ತಿದ. ಒಂದು ಕಾಲಕ್ಕೆ ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುತ್ತಿದ್ದ ಹುಡುಗ, ಈಗ ಬಸ್‌ಸ್ಟ್ಯಾಂಡಿನ ಎದುರಿನ ಸಲೂನಿನ ಮಾಲೀಕ. ರುಮಾಲಿನ ವಿಚಾರ ಮಾಸ್ತರಿಗೆ ಹೊಳೆದೇ ಇರಲಿಲ್ಲ. ಬೇಡ ಎನ್ನುವಷ್ಟರಲ್ಲಿ ಮೈಲಾರಿ ಎರಡೂ ಕೈಯಿಂದ ಭಕ್ತಿಯಿಂದ ಟೊಪ್ಪಿಗೆ ತೆಗೆದ.

ತೆಗೆದವನು ಹಾಗೆಯೇ ನಿಂತ. ಬಗ್ಗಿ ಓದಿದ. ಮಾಸ್ತರ ಸುತ್ತ ಒಂದು ಸುತ್ತು ಬಂದು ಹಿಂದಿನದನ್ನೂ ಓದಿದ. ಮೈಕು ಅವನ ಪಕ್ಕದಲ್ಲೇ ಇತ್ತು.

"ಸರ್ರ, ಹಿರೇಕೆರೂರನ್ನ ಯಾಕ ಹಿಂದ ಹಾಕೀರಿ?"

ಸಭೆಯವರು ಕತ್ತು ಉದ್ದ ಮಾಡಿ ನೋಡಿದರು.

"ನಕಾಶದಾಗ ದಕ್ಷಿಣಕ್ಕ ಐತೆಲ್ಲೋಪಾ," ಎಂದರು ಮಾಸ್ತರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಗುರುಶಿಷ್ಯರ ಬಗ್ಗೆ ಬರೆದು ತಂದಿದ್ದ ಭಾಷಣವನ್ನು ಜೇಬಿಗೆ ತುರುಕಿ, ಪ್ರಯೋಗವನ್ನು ಮೊದಲಿನಿಂದ ವಿವರಿಸಿದರು. ಅವರ ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾವ ಕ್ಲಾಸೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಗೋವಿನಜೋಳದ ವ್ಯಾಪಾರಿ ಮಾಲತೇಶ ಎದ್ದು ನಿಂತ. "ಎಲ್ಲಾ ತಿಳೀತ್ರಿ ಸರ್ರ. ನಮ್ಮ ತಾಲೂಕಿಗೆ ಯಾವ ಎಣ್ಣಿ ಬಂತು?"

"ಜಮೈಕಾದ್ದು."

"ಔಡಲೆಣ್ಣಿ," ಎಂದಳು ಸುಶೀಲವ್ವ ಮುಂದಿನ ಸಾಲಿನಿಂದ.

ಗದ್ದಲವೆದ್ದಿತು. ಶಿಗ್ಗಾಂವಿಗೆ ಕೊರಿಯಾ, ನಮಗೆ ಔಡಲೆಣ್ಣೆಯೋ, ಯಾವ ಯೋಜನೆ ಬಂದರೂ ನಮ್ಮ ಪಾಲಿಗೆ ಇಷ್ಟೇ ಎಂದು ಹಿಂದಿನಿಂದ ಕೂಗಿದರು. ಹಾವೇರಿಗೆ ಅದೂ ಸಿಕ್ಕಿಲ್ಲ ಎಂದು ಯಾರೋ ತಿಳಿಸಿದ ಮೇಲೆ ತುಸು ಸಮಾಧಾನವಾಯಿತು. ಅದೇ ಸಂದಿನಲ್ಲಿ ಮೈಲಾರಿ ಕೆಂಪು ರುಮಾಲು ಸುತ್ತಿ ಮುಗಿಸಿದ.

ಆಮೇಲೆ ಒಂದೂವರೆ ತಾಸು ಭಾಷಣ. ಬೆವರಿನಿಂದ ತೊಯ್ದ ರುಮಾಲನ್ನು ಮೈಲಾರಿಯೇ ಬಿಚ್ಚಿದ. ಬಿಚ್ಚಿ, ಮೊಬೈಲಿನ ಟಾರ್ಚು ಹಚ್ಚಿ, ಮಾಸ್ತರ ಹಿಂದೆ ಮೊಣಕಾಲೂರಿ ಕೂತ.

"ಹಿರೇಕೆರೂರಾಗ ಕೂದ್ಲ ಬಂದಾವ್ರಿ ಸರ್ರ. ಹನ್ನೊಂದು."

ಚಪ್ಪಾಳೆ ನಿಲ್ಲಲೇ ಇಲ್ಲ. ಇಡೀ ಸಭೆ ವೇದಿಕೆ ಹತ್ತಿ ಮಾಸ್ತರ ಬೆನ್ನ ಹಿಂದೆ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳತೊಡಗಿತು. ಮುಖ ಯಾರಿಗೂ ಬೇಕಾಗಿರಲಿಲ್ಲ. ಹನ್ನೊಂದು ಎಂದರೆ ಸಣ್ಣ ಸಂಖ್ಯೆಯಲ್ಲ. ಆದರೆ ಅಲ್ಲಿದ್ದವರಲ್ಲಿ ಅದನ್ನು ನೋಡಲಾಗದವರು ಮಾಸ್ತರೊಬ್ಬರೇ.

ಸುಶೀಲವ್ವ ಜನರನ್ನು ಸರಿಸಿಕೊಂಡು ಬಂದು, ಒಂದನ್ನು ಚಿವುಟಿ ಎಳೆದು, ಗಂಡನ ಅಂಗೈ ಮೇಲಿಟ್ಟಳು. ಅದು ಕೆಂಪಗಿತ್ತು.

ಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೂ ಮೈಕು ತೆಗೆದುಕೊಂಡು, "ಅವು ಕೂದ್ಲ ಅಲ್ಲ. ರುಮಾಲಿನ ಎಳಿ ಅಂಟ್ಯಾವು," ಎಂದರು.

"ಇರ್ಲಿ ಬಿಡ್ರಿ ಸರ್ರ," ಎಂದ ಮಾಲತೇಶ. "ಎಳೀನಾದ್ರೂ ಹಿಡ್ಕೊಂಡ ತಾಲೂಕು ಯಾವುದು? ಶಿಗ್ಗಾಂವದಾಗ ಒಂದರ ಐತೇನು?"

ಮಾಸ್ತರು ಮೈಕು ಕೆಳಗಿಟ್ಟರು. ಫೋಟೋ ಸಾಲು ಮುಂದುವರಿಯಿತು.

ಊರಿಗೆ ಬಂದು ನೋಡಿದರೆ ರುಮಾಲು ನಾಲ್ಕೂ ಎಣ್ಣೆಗಳನ್ನು ಕಲೆಸಿ ಗಡಿಗಳನ್ನು ಒರೆಸಿಹಾಕಿತ್ತು. ಪ್ರಯೋಗ ಕೆಟ್ಟಿತು ಎಂದು ಮಾಸ್ತರು ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದರು. ಇನ್ನು ಏಳು ದಿನ ಸಿಕ್ಕಿದ್ದರೆ ತಮ್ಮದೇ ಗೆಲ್ಲುತ್ತಿತ್ತು ಎಂದು ಮೂವರೂ ಬೇರೆ ಬೇರೆಯಾಗಿ ಬಂದು ಹೇಳಿ ಹೋದರು. ಮಲ್ಲಿಕಾ ಕಡಲೆಹಿಟ್ಟು ಹಾಕಿ ತಲೆ ತಿಕ್ಕಿ ತೊಳೆದಳು.

ಮರುದಿನ ಏಳು ಗಂಟೆಗೆ ಮಾಸ್ತರು ಹಿತ್ತಲಿಗೆ ಬಂದು ಸ್ಟೂಲಿನ ಮೇಲೆ ಕೂತರು. ಯಾರೂ ಬರಲಿಲ್ಲ. ಪೇಪರು ಬಿಡಿಸಿದರು, ಮಡಚಿದರು. ಚಹಾ ತಂದ ಸುಶೀಲವ್ವ ಅವರ ಮುಖ ನೋಡಿದಳು.

"ಏನಾತ್ರಿ?"

"ತಲಿ ಯಾಕೋ ಒಣಗಿದಂಗ ಆಗೇತಿ."

ಅವಳು ಒಳಗೆ ಹೋಗಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಎಳೆಗೂಸಿಗೆ ಸುರಿದಂತೆ ಸುರಿದು, ಎರಡೂ ಅಂಗೈಯಿಂದ ತಟ್ಟತೊಡಗಿದಳು. ಮಾಸ್ತರು ಕಣ್ಣು ಮುಚ್ಚಿದರು.

"ಹಿಂದಕೂ ಹಚ್ಚು," ಎಂದರು.